ಪುಚ್ಚೆಗೆ ಬಳ್ಳಿ: ಬೆಕ್ಕನ್ನು ಅಂಗಳಕ್ಕೆ ಇಳಿಸುವವರಿಗೊಂದು ಮಾರ್ಗದರ್ಶಿ

ನನ್ನ ಕೈಯಲ್ಲಿ ಬಳ್ಳಿ (ಹಗ್ಗ) ಇತ್ತು, ಬಳ್ಳಿಯ ತುದಿಯಲ್ಲಿ ಹಾರ್ನೆಸ್ ಇತ್ತು, ಹಾರ್ನೆಸ್‌ನೊಳಗೆ ಬೆಕ್ಕು ಇರಲಿಲ್ಲ.

ಮೂರು ವರ್ಷದ ಹಿಂದಿನ ಡಿಸೆಂಬರ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಂಗಳದ ತುಂಬ ಅಡಿಕೆ ಹರವಿತ್ತು. ನಮ್ಮ ಬೆಕ್ಕು ಕುಂಞಿ ಹೊಸ ಹಾರ್ನೆಸ್ (ಕೊರಳಿಗೂ ಎದೆಗೂ ಸುತ್ತಿ ಬಳ್ಳಿ ಸಿಕ್ಕಿಸುವ ಪಟ್ಟಿ) ತೊಟ್ಟು ಜಗಲಿಯ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೆ. ತೋಟದಲ್ಲಿ ದೋಟಿಗೆ ಸಿಕ್ಕ ಗೊನೆಯೊಂದು ಧೊಪ್ಪೆಂದು ಬಿತ್ತು. ಗಾಬರಿಯಲ್ಲಿ ನಾನು ಬಳ್ಳಿ ಎಳೆದೆ. ಅವಳು ಮುಂದೆ ಓಡಲಿಲ್ಲ. ನನ್ನನ್ನೇ ನೋಡುತ್ತ ತಲೆ ತಗ್ಗಿಸಿ, ಭುಜ ಒಳಗೆಳೆದುಕೊಂಡು ಹಿಂದೆ ಹಿಂದೆ ಸರಿದಳು. ಎರಡೇ ಸೆಕೆಂಡು. ಮಕ್ಕಳು ಅಂಗಿ ಕಳಚುವ ಹಾಗೆ ಹಾರ್ನೆಸ್ ಕಳಚಿ ಬಂತು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಿಟ್ಟು ಹುಡುಕುವಾಗ ಸೌದೆ ರಾಶಿಯ ಅಡಿಯಲ್ಲಿ ಎರಡು ಕಣ್ಣು ಹೊಳೆದವು.

ಅಜ್ಜಿಗೆ ನಗು. “ಪುಚ್ಚೆಗೆ ಬಳ್ಳಿ ಹಾಕುದೆಂತಕೆ? ಅದೆಂತ ಕಂಜಿಯಾ?” ಪುಚ್ಚೆ ಎಂದರೆ ಬೆಕ್ಕು, ಕಂಜಿ ಎಂದರೆ ಕರು. ಅಜ್ಜಿ ಹೇಳಿದ್ದರಲ್ಲಿ ಈ ವಿಷಯದ ಅರ್ಧ ಸತ್ಯ ಇದೆ. ನಾವು ತಪ್ಪುವುದೇ ಅಲ್ಲಿ: ಕರುವನ್ನೋ ನಾಯಿಯನ್ನೋ ಹಿಡಿದ ಕೈಯಲ್ಲಿ ಬೆಕ್ಕನ್ನು ಹಿಡಿಯುತ್ತೇವೆ. ದನ, ನಾಯಿ ಮುಂದಕ್ಕೆ ಎಳೆಯುತ್ತವೆ. ಬೆಕ್ಕು ಹಿಂದಕ್ಕೆ ಜಾರುತ್ತದೆ. ಕೊಳ್ಳುವಾಗ, ತೊಡಿಸುವಾಗ, ಹಿಡಿಯುವಾಗ ಇದೊಂದು ನೆನಪಿದ್ದರೆ ಮುಕ್ಕಾಲು ಕೆಲಸ ಮುಗಿಯಿತು.

ಎಲ್ಲ ಬೆಕ್ಕಿಗೂ ಬೇಕೆ?

ಬೇಡ. ಐದಾರು ವರ್ಷದಿಂದ ಹಟ್ಟಿ, ತೋಟ, ಗುಡ್ಡೆ ಎಂದು ಸ್ವತಂತ್ರವಾಗಿ ತಿರುಗಿದ ಬೆಕ್ಕಿಗೆ ಈಗ ಹಾರ್ನೆಸ್ ತೊಡಿಸಿದರೆ ಅದು ನಿಮ್ಮನ್ನೇ ಬಿಟ್ಟು ಹೋದೀತು. ಆಟೋದ ಸದ್ದಿಗೂ ಮಂಚದಡಿ ಸೇರುವ ಅಂಜುಬುರುಕ ಬೆಕ್ಕಿಗೆ ಹೊರಗಿನ ಲೋಕ ಸುಖವಲ್ಲ, ಶಿಕ್ಷೆ. ಅಂಥದ್ದಕ್ಕೆ ಜಗಲಿಯ ಒಂದು ಮೂಲೆಗೆ ಬಲೆ ಕಟ್ಟಿ, ಹತ್ತಿ ಕೂರಲು ಎರಡು ಹಲಗೆ ಹೊಡೆದು ಕೊಟ್ಟರೆ ಬಿಸಿಲೂ ಸಿಕ್ಕೀತು, ಹಕ್ಕಿ ನೋಡಲೂ ಆದೀತು. ಅಡಿಕೆ ಮರದ ಸಲಾಕೆ ನಮ್ಮಲ್ಲಿ ದುಡ್ಡು ಕೊಟ್ಟು ತರಬೇಕಾದ ವಸ್ತುವಲ್ಲ.

ಬಳ್ಳಿ ಒಗ್ಗುವುದು ಮನೆಯೊಳಗೇ ಬೆಳೆದು ಬಾಗಿಲ ಬಳಿ ಕೂತು ಅರಚುವ ಕುತೂಹಲದ ಬೆಕ್ಕಿಗೆ, ಮತ್ತೆ ಮಂಗಳೂರಿನ, ಬೆಂಗಳೂರಿನ ಫ್ಲ್ಯಾಟಿನಿಂದ ಊರಿಗೆ ಬಂದಿಳಿಯುವ ಬೆಕ್ಕಿಗೆ. ಈ ಎರಡನೆಯದಕ್ಕಂತೂ ಬೇಕೇ ಬೇಕು. ಅದಕ್ಕೆ ಬಾವಿ ಗೊತ್ತಿಲ್ಲ, ನಾಯಿ ಗೊತ್ತಿಲ್ಲ, ತಪ್ಪಿಸಿಕೊಂಡರೆ ಮನೆಯ ದಾರಿಯೂ ಗೊತ್ತಿಲ್ಲ. ಮರಿಯಾದರೆ ನಾಲ್ಕೈದು ತಿಂಗಳಾದಾಗ ಮನೆಯೊಳಗೇ ಅಭ್ಯಾಸ ಶುರು ಮಾಡಬಹುದು. ಹೊರಗೆ ಕಾಲಿಡುವುದು ಚುಚ್ಚುಮದ್ದು ಪೂರ್ತಿಯಾದ ಮೇಲೆ.

ಮೊದಲು ಮೃಗಾಸ್ಪತ್ರೆ

ಬೆಕ್ಕಿನ ಮರಿಗೆ 6ರಿಂದ 8 ವಾರಕ್ಕೆ ಸಂಯುಕ್ತ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಕೊಡಿಸುತ್ತಾರೆ. ಬೆಕ್ಕಿನ ಪಾರ್ವೊ ಎಂದು ಕರೆಯುವ ಪ್ಯಾನ್‌ಲ್ಯೂಕೊಪೀನಿಯಾ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ವೈರಸ್ ರೋಗಕ್ಕೂ ಸೇರಿದ ಮದ್ದು ಅದು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಬೀದಿನಾಯಿಗಳ ನಡುವೆ ಇರುವ ನಮಗೆ ಇದರಲ್ಲಿ ಚೌಕಾಶಿ ಇಲ್ಲ. ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಮುಗಿದಿರಲಿ. ಬೆದೆಗೆ ಬಂದ ಹೆಣ್ಣು, ಅದರ ಕೂಗು ಕೇಳಿದ ಗಂಡು, ಎರಡನ್ನೂ ಯಾವ ಹಾರ್ನೆಸ್ಸೂ ಹಿಡಿದು ನಿಲ್ಲಿಸದು.

ಉಣ್ಣಿ, ಚಿಗಟದ ವಿಷಯದಲ್ಲಿ ಒಂದು ಮಾತನ್ನು ಗೋಡೆಯ ಮೇಲೆ ಬರೆದಿಡಬೇಕು. ನಾಯಿಯ ಬೆನ್ನಿಗೆ ಬಿಡುವ ಉಣ್ಣಿಮದ್ದನ್ನು ಬೆಕ್ಕಿಗೆ ಬಿಡಬಾರದು. ಅವುಗಳಲ್ಲಿ ಹಲವದರಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಮಾಡದ ಆ ಮದ್ದನ್ನು ಬೆಕ್ಕಿನ ಯಕೃತ್ತು ಜೀರ್ಣಿಸಿ ಹೊರಹಾಕಲಾರದು. ನಡುಕ, ಸೆಳವು, ಕೊನೆಗೆ ಸಾವು. ‘ಸ್ವಲ್ಪವೇ ಹಾಕಿದ್ದು’ ಎಂಬ ಸಮಾಧಾನವೂ ಇಲ್ಲಿ ನಡೆಯದು. ಬೆಕ್ಕಿಗೆಂದೇ ಬರೆದಿರುವ ಮದ್ದನ್ನು, ತೂಕ ನೋಡಿ, ಡಾಕ್ಟರರ ಹತ್ತಿರ ಕೇಳಿಯೇ ಹಾಕಿ.

ಕಾಲರ್ ವಿಳಾಸಕ್ಕೆ, ಎಳೆಯಲಿಕ್ಕಲ್ಲ

ಕಾಲರಿಗೆ ಬಳ್ಳಿ ಸಿಕ್ಕಿಸಬೇಡಿ. ಒಮ್ಮೆಯೂ, ಒಂದು ನಿಮಿಷಕ್ಕೂ. ಬೆಕ್ಕು ಹೆದರಿ ಹಾರಿದಾಗ ಅದರ ಮೂರು ನಾಲ್ಕು ಕಿಲೋ ತೂಕವೆಲ್ಲ ಕೊರಳಿನ ಒಂದು ಗೆರೆಯ ಮೇಲೆ ಬೀಳುತ್ತದೆ, ಶ್ವಾಸನಾಳ ಇರುವ ಜಾಗದಲ್ಲೇ. ಇಲ್ಲವೆ ಕಾಲರೇ ತಲೆಯಿಂದ ಜಾರಿ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ನಷ್ಟವೇ.

ಹಾಗಾದರೆ ಕಾಲರ್ ಯಾಕೆ? ಫೋನ್ ನಂಬರಿಗೆ. ಬೆಕ್ಕು ಕಳೆದುಹೋದರೆ ಸಿಕ್ಕಿದವರಿಗೆ ಅದು ಸಾಕಿದ ಬೆಕ್ಕು ಎಂದು ತಿಳಿಯಬೇಕಲ್ಲ. ಹೆಸರು ಬರೆಸುವುದಾದರೆ ಕನ್ನಡದ ಜೊತೆ ಮಲಯಾಳದಲ್ಲೂ ಬರೆಸಿ. ಪೆರ್ಲದಲ್ಲಿ ಓದಿದ್ದನ್ನು ಕಾಞಂಗಾಡಿನಲ್ಲಿ ಓದಬೇಕೆಂದಿಲ್ಲ. ಅಂಕೆ ಎಲ್ಲರಿಗೂ ಒಂದೇ, ಹಾಗಾಗಿ ನಂಬರ್ ದೊಡ್ಡದಾಗಿರಲಿ.

ಕೊಳ್ಳುವಾಗ ನೋಡಬೇಕಾದ್ದು ಕೊಕ್ಕೆ. ಬೆಕ್ಕಿನ ಕಾಲರಿಗೆ ಬ್ರೇಕ್‌ಅವೇ ಎಂಬ ಕೊಕ್ಕೆ ಇರಬೇಕು, ಅಂದರೆ ಜೋರಾಗಿ ಎಳೆತ ಬಿದ್ದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಬೆಕ್ಕು ಬೇಲಿ ನುಸಿಯುವಾಗ, ಮರ ಹತ್ತುವಾಗ ಕಾಲರ್ ಕೊಂಬೆಗೆ ಸಿಕ್ಕಿದರೆ ಕಾಲರ್ ಹೋಗಲಿ, ಜೀವ ಉಳಿಯಲಿ ಎಂಬ ಲೆಕ್ಕ. ಅಂಗಡಿಯಲ್ಲೇ ಎರಡೂ ಕಡೆ ಹಿಡಿದು ಜಗ್ಗಿ ನೋಡಿ. ಬಿಚ್ಚದಿದ್ದರೆ ಅದು ಸಣ್ಣ ನಾಯಿಯ ಕಾಲರ್. ಮೇಲೆ ಬೆಕ್ಕಿನ ಚಿತ್ರ ಇದ್ದ ಮಾತ್ರಕ್ಕೆ ಬೆಕ್ಕಿನದಾಗುವುದಿಲ್ಲ. ಇಲಾಸ್ಟಿಕ್ ಪಟ್ಟಿಯದ್ದು ಕೂಡ ಬೇಡ. ಅದು ಹಿಗ್ಗಿ ಮುಂಗಾಲು ಒಳಗೆ ತೂರುತ್ತದೆ, ಕಂಕುಳಲ್ಲಿ ಸಿಕ್ಕಿ ದಿನಗಟ್ಟಲೆ ಉಜ್ಜಿ ಮಾಂಸದವರೆಗೂ ಗಾಯವಾಗುತ್ತದೆ.

ಅಳತೆ ಸುಲಭ: ಕಾಲರ್ ಮತ್ತು ಕೊರಳಿನ ನಡುವೆ ಒಂದು ಬೆರಳು ಆರಾಮವಾಗಿ, ಎರಡನೆಯದು ಸ್ವಲ್ಪ ಒತ್ತಿ ಹೋಗಬೇಕು. ಮೂರು ಹೋದರೆ ಸಡಿಲ, ಸಡಿಲವಾದದ್ದು ಬಿಗಿಯಾದದ್ದಕ್ಕಿಂತ ಸುರಕ್ಷಿತ ಎಂದುಕೊಳ್ಳಬೇಡಿ; ಮೈ ನೆಕ್ಕಿಕೊಳ್ಳುವಾಗ ಕೆಳದವಡೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮರಿಗಳ ಕೊರಳನ್ನು ವಾರಕ್ಕೊಮ್ಮೆ ಮುಟ್ಟಿ ನೋಡಿ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಮುದ್ದಾದ ಮರಿ ಕಂಡರೆ ದೃಷ್ಟಿಯಾಗದಿರಲೆಂದು ಕಪ್ಪು ನೂಲು, ಇಲ್ಲದಿದ್ದರೆ ಮಕ್ಕಳ ಕೈಯ ರಿಬ್ಬನ್ನು, ಗೋಣಿ ಹೊಲಿಯುವ ಪ್ಲಾಸ್ಟಿಕ್ ದಾರ ಕಟ್ಟುವುದು. ಮರಿ ಬೆಳೆಯುತ್ತದೆ, ನೂಲು ಬೆಳೆಯುವುದಿಲ್ಲ. ರೋಮದೊಳಗೆ ಅದು ಕಾಣುವುದೂ ಇಲ್ಲ. ಕಂಡಲ್ಲಿ ಕತ್ತರಿಸಿ.

ಗಂಟೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದ ಪ್ರಶ್ನೆಗೆ ಇಂದು ಪೆಟ್ ಶಾಪಿನವರು ಉತ್ತರ ಕೊಟ್ಟಿದ್ದಾರೆ. ಗಂಟೆ ಹಕ್ಕಿಗಳ ಸಾವನ್ನು ಕಡಿಮೆ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬಳ್ಳಿಯಲ್ಲಿ ಬೆಕ್ಕು ಇರುವಾಗ ಮಡಿವಾಳ ಹಕ್ಕಿಯನ್ನು ಕಾಯುವುದು ನಿಮ್ಮ ಕೆಲಸ, ಗಂಟೆಯದ್ದಲ್ಲ. ನಾನು ಕಟ್ಟಿಲ್ಲ.

ಹಾರ್ನೆಸ್: ಆಯ್ಕೆ, ಅಳತೆ, ಪರೀಕ್ಷೆ

ನಮ್ಮ ಕೊರಳೆಲುಬು ಭುಜಕ್ಕೂ ಎದೆಮೂಳೆಗೂ ಗಟ್ಟಿಯಾಗಿ ಜೋಡಿಸಿಕೊಂಡಿದೆ. ಬೆಕ್ಕಿನದ್ದು ಹಾಗಲ್ಲ. ಸಣ್ಣದೊಂದು ಎಲುಬು ಸ್ನಾಯುಗಳ ನಡುವೆ ತೇಲುತ್ತಿರುತ್ತದೆ, ಬೇರೆ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಹಾಗಾಗಿಯೇ ತಲೆ ಹಿಡಿಸಿದ ಸಂದಿಯಲ್ಲಿ ಮೈಯೂ ಹಿಡಿಸುತ್ತದೆ. ಎದುರಿನಿಂದ ಎಳೆದಾಗ ಬೆಕ್ಕು ಭುಜವನ್ನು ಮಡಚಿ, ಮೊಣಕೈ ಒಳಗೆಳೆದು, ತಲೆಯ ಮೇಲಿನಿಂದ ಪಟ್ಟಿಯನ್ನು ಕಳಚಿಬಿಡುವುದೂ ಇದೇ ಉಪಾಯದಿಂದ. ನನ್ನ ಮೊದಲ ಹಾರ್ನೆಸ್ ನಾಯಿಮರಿಯದ್ದಾಗಿತ್ತು. ಅಂಗಡಿಯವರು ಎರಡಕ್ಕೂ ಆಗುತ್ತದೆ ಎಂದಿದ್ದರು, ನಾನೂ ನಂಬಿದ್ದೆ. ನಾಯಿಯ ಎದೆ ಆಳ, ಭುಜ ಗಟ್ಟಿ. ಅದಕ್ಕೆ ಹೊಲಿದದ್ದು ಬೆಕ್ಕಿನ ಮೈಯಲ್ಲಿ ನಿಲ್ಲುವುದಿಲ್ಲ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್ ಆಕಾರದ್ದರಲ್ಲಿ ಕೊರಳಿಗೊಂದು ಸುತ್ತು, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಎರಡನ್ನೂ ಬೆನ್ನಿನ ಮೇಲೂ ಎದೆಯ ಕೆಳಗೂ ಜೋಡಿಸುವ ಪಟ್ಟಿ. ಎಂಟರ ಆಕಾರದ್ದು ಇನ್ನೂ ಸರಳ, ಕೆಲವು ಎಳೆದಷ್ಟೂ ಬಿಗಿಯುತ್ತವೆ. ಹೆದರಿದ ಬೆಕ್ಕಿಗೆ ಬಿಗಿತ ಇನ್ನಷ್ಟು ಹೆದರಿಕೆ, ನನಗೆ ಅದು ಇಷ್ಟವಿಲ್ಲ. ಮೂರನೆಯದು ಬನಿಯನ್ನಿನ ಹಾಗೆ ಎದೆ ಬೆನ್ನು ಸುತ್ತುವ ವೆಸ್ಟ್. ಎಳೆತ ಅಗಲವಾಗಿ ಹಂಚಿಹೋಗುತ್ತದೆ, ಅಳತೆ ಸರಿ ಇದ್ದರೆ ಕಳಚುವುದು ಕಷ್ಟ. ತೊಂದರೆ ಏನೆಂದರೆ ನಮ್ಮ ಸೆಕೆ. ಮಾರ್ಚ್‌ನಿಂದ ಮೇವರೆಗೆ ದಪ್ಪ ಬಟ್ಟೆಯ ವೆಸ್ಟಿನೊಳಗೆ ಬೆಕ್ಕು ಬೇಯುತ್ತದೆ. ತೆಳು ಜಾಲರಿ ಬಟ್ಟೆಯದ್ದಾದರೆ ಪರವಾಗಿಲ್ಲ. ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಬೆಕ್ಕಿಗೆ ಜಾಲರಿ ವೆಸ್ಟ್, ಉಳಿದವಕ್ಕೆ ಎಚ್ ಆಕಾರ ಎಂಬುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಕಾಲರಿಗೆ ಬೇಕೆಂದ ಬಿಚ್ಚಿಕೊಳ್ಳುವ ಕೊಕ್ಕೆ ಹಾರ್ನೆಸ್‌ಗೆ ಇರಲೇಬಾರದು. ವೆಲ್ಕ್ರೋ ಒಂದನ್ನೇ ನಂಬಿದ್ದೂ ಬೇಡ, ಜೊತೆಗೆ ಕೊಕ್ಕೆ ಇರಬೇಕು. ನಮ್ಮ ಮಣ್ಣು, ರೋಮ ಸೇರಿ ನಾಲ್ಕು ತಿಂಗಳಲ್ಲಿ ವೆಲ್ಕ್ರೋ ಹಿಡಿತ ಬಿಡುತ್ತದೆ.

ಅಳತೆ ತೆಗೆಯುವುದು ಹೀಗೆ. ದರ್ಜಿಯ ಟೇಪ್ ಇಲ್ಲದಿದ್ದರೆ ನೂಲು ಸುತ್ತಿ ಸ್ಕೇಲಿಗೆ ಹಿಡಿಯಿರಿ. ಬೆಕ್ಕು ನಿಂತಿರಬೇಕು, ಮಲಗಿದ ಬೆಕ್ಕಿನ ಅಳತೆ ಸುಳ್ಳು. ಕಾಲರ್ ಕೂರುವಲ್ಲಿ ಕೊರಳ ಸುತ್ತು ಒಂದು, ಮುಂಗಾಲಿನ ಸಂದಿಯಿಂದ ಎರಡು ಬೆರಳು ಹಿಂದೆ ಎದೆಸುತ್ತು ಇನ್ನೊಂದು. ಊರಬೆಕ್ಕುಗಳಿಗೆ ಎದೆ ಸಾಮಾನ್ಯವಾಗಿ 30ರಿಂದ 40 ಸೆಂಟಿಮೀಟರಿನ ಒಳಗೆ ಬರುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ಸ್ಮಾಲ್, ಎಕ್ಸ್ಟ್ರಾ ಸ್ಮಾಲ್ ಎಂಬ ಮಾತನ್ನು ಬಿಟ್ಟು ಸೆಂಟಿಮೀಟರ್ ಪಟ್ಟಿಯನ್ನೇ ನೋಡಿ. ಒಬ್ಬೊಬ್ಬರ ಸ್ಮಾಲ್ ಒಂದೊಂದು ತೆರ. ಎರಡು ಅಳತೆಯ ನಡುವೆ ಬಂದರೆ ಚಿಕ್ಕದರ ಕೊನೆಯ ತೂತಿಗಿಂತ ದೊಡ್ಡದರ ಮೊದಲ ಹೊಂದಿಕೆ ಒಳ್ಳೆಯದೇ, ಆದರೆ ಅದು ಪೂರ್ತಿ ಬಿಗಿಯಾಗುವಂತಿರಬೇಕು.

ತೊಡಿಸಿದ ಮೇಲೆ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ, ಎರಡು ಬೆರಳು ಒತ್ತಾಗಿ ಹೋಗಬೇಕು. ಕಂಕುಳಿಗೆ ಪಟ್ಟಿ ತಾಗಿ ಉಜ್ಜಬಾರದು. ತೊಡಿಸುವಾಗ ಕೆಲವು ಬೆಕ್ಕು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಐದು ನಿಮಿಷ ಕಳೆದು ಮತ್ತೆ ಬೆರಳಿಟ್ಟು ನೋಡಿ.

ಇನ್ನು ಪರೀಕ್ಷೆ. ಇದನ್ನು ಬಿಟ್ಟು ಹೊರಗೆ ಹೋಗಬೇಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಳ್ಳಿ ಸಿಕ್ಕಿಸಿ, ಬೆಕ್ಕಿನ ಎದುರು ಕೂತು, ಬಳ್ಳಿಯನ್ನು ನಿಮ್ಮ ಕಡೆಗೆ ಮೆತ್ತಗೆ ಬಿಗಿ ಹಿಡಿಯಿರಿ. ಎಳೆಯಬೇಡಿ, ಬಿಗಿ ಹಿಡಿಯಿರಿ ಅಷ್ಟೆ. ಬೆಕ್ಕು ಹಿಂದೆ ಸರಿಯುತ್ತದೆ. ಆಗ ಕೊರಳ ಪಟ್ಟಿ ಕಿವಿಯ ತನಕ ಬಂತೇ? ಮೊಣಕೈ ಎದೆಪಟ್ಟಿಯೊಳಗೆ ನುಸುಳಿತೇ? ಒಂದಕ್ಕೆ ಹೌದೆಂದರೂ ಬಿಗಿ ಮಾಡಿ ಮತ್ತೆ ನೋಡಬೇಕು, ಆಗಲಿಲ್ಲವೆಂದರೆ ಬೇರೆ ಹಾರ್ನೆಸ್. ಒಳಗೆ ಕಳಚಿದರೆ ನಗಬಹುದು, ಹೊರಗೆ ಕಳಚಿದರೆ ಟಾರ್ಚ್ ಹುಡುಕಬೇಕು.

ಬಳ್ಳಿ

ಒಂದೂವರೆಯಿಂದ ಎರಡು ಮೀಟರ್ ಉದ್ದದ, ತೂಕವಿಲ್ಲದ ನೈಲಾನ್ ಪಟ್ಟಿ ಸಾಕು. ಕೊಕ್ಕೆ ಚಿಕ್ಕದು, ತಿರುಗುವಂಥದ್ದು. ನಾಯಿಯ ಭಾರದ ಕಬ್ಬಿಣದ ಕೊಕ್ಕೆ ಬೆಕ್ಕಿನ ಬೆನ್ನಿನ ಮೇಲೆ ಕುಣಿದರೆ ಅದಕ್ಕೇ ಬೆದರುತ್ತದೆ. ಸರಪಳಿ ಬೇಡ, ತೆಂಗಿನ ನಾರಿನ ಹಗ್ಗವೂ ಬೇಡ. ಗುಂಡಿ ಒತ್ತಿದರೆ ಒಳಗೆ ಸುತ್ತಿಕೊಳ್ಳುವ ಪೆಟ್ಟಿಗೆಯ ಲೀಶ್ ಇದೆಯಲ್ಲ, ಅದು ಬೆಕ್ಕಿಗೆ ಸಲ್ಲದು. ಯಾವಾಗಲೂ ಸಣ್ಣ ಎಳೆತ ಇದ್ದೇ ಇರುತ್ತದೆ, ಮತ್ತು ಕೈಜಾರಿದರೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಕಲ್ಲಿಗೆ ಬಡಿಯುತ್ತ ಬೆಕ್ಕಿನ ಹಿಂದೆಯೇ ಓಡುತ್ತದೆ. ಓಡಿದಷ್ಟೂ ಸದ್ದು, ಸದ್ದಾದಷ್ಟೂ ಓಟ.

ಬಳ್ಳಿಯ ಕುಣಿಕೆ ಮಣಿಕಟ್ಟಿನಲ್ಲಿರಲಿ, ನಡುವಿನ ಭಾಗ ಬೆರಳುಗಳ ನಡುವೆ ಸಡಿಲವಾಗಿ. ಬೆಕ್ಕಿನ ಬೆನ್ನಿನಿಂದ ಹೊರಟ ಬಳ್ಳಿ ಯಾವಾಗಲೂ ಸ್ವಲ್ಪ ಜೋತುಬಿದ್ದಿರಬೇಕು.

ಮನೆಯೊಳಗಿನ ಎರಡು ಮೂರು ವಾರ

ಅವಸರ ಮಾಡುವವರು ಸೋಲುವುದು ಇಲ್ಲಿ. ಮೊದಲ ಮೂರು ನಾಲ್ಕು ದಿನ ಹಾರ್ನೆಸ್ ಅನ್ನವಿಡುವ ತಟ್ಟೆಯ ಪಕ್ಕದಲ್ಲಿ ಬಿದ್ದಿರಲಿ. ಮೂಸಲಿ, ಕೆನ್ನೆ ಉಜ್ಜಲಿ, ಮೇಲೆ ಮಲಗಲಿ. ಆಮೇಲೆ ತಿನ್ನುವಾಗ ಬೆನ್ನಿನ ಮೇಲೆ ಸುಮ್ಮನೆ ಹೊದಿಸಿ ತೆಗೆಯಿರಿ. ಕೊಕ್ಕೆಯ ‘ಟಕ್’ ಸದ್ದನ್ನು ದೂರದಲ್ಲಿ ಮಾಡಿ ಒಂದು ತುಣುಕು ತಿಂಡಿ ಕೊಡಿ, ದಿನದಿನಕ್ಕೆ ಹತ್ತಿರ ತನ್ನಿ. ಬಹಳ ಬೆಕ್ಕಿಗೆ ಪಟ್ಟಿಗಿಂತ ಆ ಸದ್ದೇ ಭಯ.

ಮೊದಲ ಸಲ ಕೊಕ್ಕೆ ಹಾಕಿದಾಗ ಬೆಕ್ಕು ಜೀವ ಹೋದ ಹಾಗೆ ಪಕ್ಕಕ್ಕೆ ಬೀಳುತ್ತದೆ. ಇಲ್ಲವೆ ಹೊಟ್ಟೆ ನೆಲಕ್ಕೆ ತಾಗಿಸಿ ಏಡಿಯ ಹಾಗೆ ನಡೆಯುತ್ತದೆ. ಗಾಬರಿಯಾಗಬೇಡಿ; ಮೈಗೆ ಏನೋ ತಾಗಿದ್ದನ್ನು ಅದು ಲೆಕ್ಕ ಹಾಕುತ್ತಿದೆ. ಎತ್ತಿ ನಿಲ್ಲಿಸಬೇಡಿ, ಎಳೆಯಬೇಡಿ. ಮೂಗಿನ ಮುಂದೆ ತಿಂಡಿ ಇಡಿ, ಒಂದು ಕಡ್ಡಿಗೆ ಸೋಗೆ ಕಟ್ಟಿ ಆಡಿಸಿ. ಎರಡು ನಿಮಿಷಕ್ಕೆ ಬಿಚ್ಚಿ. ಮರುದಿನ ಮೂರು ನಿಮಿಷ. ಬಾಲ ಎತ್ತಿ ಮನೆ ತುಂಬ ತಿರುಗುವಷ್ಟಾದ ಮೇಲೆ ಬಳ್ಳಿ ಸಿಕ್ಕಿಸಿ ನೆಲದಲ್ಲಿ ಎಳೆದುಕೊಂಡು ಹೋಗಲು ಬಿಡಿ, ಕಣ್ಣಳವಿನಲ್ಲೇ. ಕುರ್ಚಿಕಾಲಿಗೆ ಸುತ್ತಿಕೊಂಡು ಹೆದರಿದರೆ ವಾರದ ಕೆಲಸ ನೀರುಪಾಲು. ಕೊನೆಗೆ ಬಳ್ಳಿ ನಿಮ್ಮ ಕೈಗೆ.

ತಿಂಡಿ ಎಂದರೆ ಏನು? ಮೀನು ತರುವ ಮನೆಯಾದರೆ ಉಪ್ಪು ಮಸಾಲೆ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿಯ ಚೂರಿಗೆ ಸಾಟಿ ಇಲ್ಲ. ನಮ್ಮದು ಮೀನು ದಾಟದ ಹೊಸಿಲು, ಹಾಗಾಗಿ ಪ್ಯಾಕೆಟಿನ ಕಾಳುತಿಂಡಿ. ಕುಂಞಿ ಆಚೆ ಮನೆಯ ಅಕ್ಕನ ಅಡುಗೆಮನೆ ಕಿಟಕಿಯನ್ನು ನೋಡುವ ನೋಟದಲ್ಲಿ ನಮ್ಮ ಬಗ್ಗೆ ಅವಳಿಗೇನು ಅಭಿಪ್ರಾಯ ಎಂದು ತಿಳಿಯುತ್ತದೆ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ಹೊಸಿಲು ದಾಟುವ ದಿನ

ಬೆಕ್ಕು ತನ್ನ ಕಾಲಲ್ಲಿ ನಡೆದು ಬಾಗಿಲು ದಾಟಬಾರದು. ಹಾರ್ನೆಸ್, ಬಳ್ಳಿ ಎಲ್ಲ ಒಳಗೇ ತೊಡಿಸಿ, ಬುಟ್ಟಿಯಲ್ಲೋ ಬೆಕ್ಕಿನ ಚೀಲದಲ್ಲೋ ಕೂರಿಸಿ ಎತ್ತಿಕೊಂಡು ಹೋಗಿ ಹೊರಗಿಡಿ. ವಾಪಸು ಬರುವಾಗಲೂ ಹಾಗೆಯೇ. ಬಾಗಿಲು ಎಂದರೆ ನಾನೇ ಓಡಬಹುದಾದ ದಾರಿ ಎಂದು ಒಮ್ಮೆ ಕಲಿತರೆ ನೆಂಟರು ಬಂದಾಗಲೆಲ್ಲ ಹೊಸಿಲಲ್ಲಿ ಕಾವಲು ನಿಲ್ಲಬೇಕಾಗುತ್ತದೆ. ಇನ್ನೊಂದು: ಅದು ಅರಚಿತೆಂದು ಹೊರಡಬೇಡಿ. ಹೊರಡುವ ಹೊತ್ತು ನಿಮ್ಮದಾಗಿರಲಿ, ದಿನವೂ ಅದೇ ಹೊತ್ತು, ಊಟಕ್ಕಿಂತ ಮೊದಲು. ಮೊದಲ ತಿಂಗಳು ಕುಂಞಿ ಕೂಗಿದಾಗಲೆಲ್ಲ ನಾನು ಬಾಗಿಲು ತೆರೆದೆ. ಬೆಳಗಿನ ನಾಲ್ಕಕ್ಕೆ ಏಳುವುದು ತಪ್ಪಿಸಲು ಆಮೇಲೆ ಎರಡು ತಿಂಗಳು ಬೇಕಾಯಿತು.

ಮೊದಲ ದಿನ ಐದು ನಿಮಿಷ, ಜಗಲಿಯ ಬುಡದಲ್ಲೇ. ಬುಟ್ಟಿಯ ಬಾಯಿ ತೆರೆದಿಟ್ಟು ಪಕ್ಕದಲ್ಲಿ ಕೂತುಬಿಡಿ. ಹೊರಗೆ ಬರುವುದು ಬಿಡುವುದು ಅದರ ಇಷ್ಟ. ಬಂದರೆ ನೀವು ಹಿಂಬಾಲಿಸಿ. ಬೆಕ್ಕು ವಾಕಿಂಗ್ ಹೋಗುವುದಿಲ್ಲ ಮಾರಾಯ್ರೆ, ಅದು ತನಿಖೆಗೆ ಹೋಗುತ್ತದೆ. ಒಂದು ಕಲ್ಲನ್ನು ಹತ್ತು ನಿಮಿಷ ಮೂಸಿದರೆ ಆ ದಿನದ ಸಂಚಾರ ಮುಗಿಯಿತು. ದಾರಿ ಬದಲಿಸಬೇಕೆಂದರೆ ಎಳೆಯುವ ಬದಲು ಮುಂದೆ ಹೋಗಿ ಅಡ್ಡ ನಿಲ್ಲಿ, ಕರೆಯಿರಿ, ಅದೂ ಆಗದಿದ್ದರೆ ಎತ್ತಿಕೊಳ್ಳಿ. ವಾರ ಕಳೆದಂತೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಏರಿಸಬಹುದು.

ಹೊತ್ತು ಬೆಳಿಗ್ಗೆ ಏಳರ ಸುಮಾರು ಅಥವಾ ಸಂಜೆ ಬಿಸಿಲಿಳಿದ ಮೇಲೆ, ಕತ್ತಲಿಗೆ ಮುಂಚೆ. ಬೇಸಗೆಯಲ್ಲಿ ಮುರಕಲ್ಲು ಪಾರೆ, ಸಿಮೆಂಟಿನ ಅಂಗಳ ಸಂಜೆ ಐದಕ್ಕೂ ಕಾದಿರುತ್ತವೆ. ಮುಂಗೈಯ ಹಿಂಬದಿಯನ್ನು ನೆಲಕ್ಕಿಟ್ಟು ಏಳರ ತನಕ ಎಣಿಸಿ. ಅಷ್ಟು ಹೊತ್ತು ತಡೆಯಲಾಗದಿದ್ದರೆ ಬೆಕ್ಕಿನ ಅಂಗಾಲಿಗೂ ತಡೆಯದು. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಮಾಮೂಲು. ಬೆಕ್ಕು ಹಾಗೆ ಬಿಟ್ಟರೆ ಅಪಾಯದ ಗುರುತು: ತಕ್ಷಣ ಹಾರ್ನೆಸ್ ಬಿಚ್ಚಬೇಕು, ಆದರೆ ಮನೆಯೊಳಗೆ ಒಯ್ದ ಮೇಲೆ. ನೆರಳು, ಫ್ಯಾನ್, ಪಾದಕ್ಕೂ ಕಿವಿಗೂ ತಣ್ಣೀರಿನ ಒದ್ದೆಬಟ್ಟೆ. ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ಡಾಕ್ಟರರಲ್ಲಿಗೆ.

ನಮ್ಮ ನೆಲದ ಅಪಾಯಗಳು

ಅಮೆರಿಕದ ವಿಡಿಯೊಗಳಲ್ಲಿ ಕಾರು, ಹಿಮ ಎಂದು ಹೇಳುತ್ತಾರೆ. ಇಲ್ಲಿನ ಪಟ್ಟಿ ಬೇರೆ.

ಬಾವಿ, ಕೆರೆ, ಮದಕ. ಕಟ್ಟೆ ಇಲ್ಲದ ಹಳೆಯ ಬಾವಿ ತೋಟದಲ್ಲಿ ಒಂದಾದರೂ ಇರುತ್ತದೆ. ಅದರ ಹತ್ತು ಅಡಿ ಸುತ್ತಿಗೆ ಹೋಗಲೇಬೇಡಿ. ಸುರಂಗ ಇನ್ನೊಂದು. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳು ಕಾಸರಗೋಡಿನ ಹೆಮ್ಮೆ. ಬೆಕ್ಕಿಗೆ ಅವು ತಂಪಾದ, ಕತ್ತಲೆಯ, ಕಪ್ಪೆ ಇರುವ ಸ್ವರ್ಗದ ಬಾಗಿಲು. ಬಳ್ಳಿ ಸಹಿತ ಒಳಗೆ ಓಡಿ ಕಲ್ಲಿಗೆ ಸಿಕ್ಕಿಕೊಂಡರೆ ಹೊರಗೆ ತರಲು ಯಾರಾದರೂ ತೆವಳಬೇಕು. ಸುರಂಗದ ಬಾಯಿಗೆ ಬಲೆ ಅಥವಾ ತಟ್ಟಿ ಅಡ್ಡ ಇಡಿ.

ಮದ್ದು ಬಿಡುವ ಕಾಲ. ಮೇ ಕೊನೆ, ಜೂನ್ ಮೊದಲಿಗೆ ಅಡಿಕೆಯ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಬಿಡುತ್ತೇವೆ, 40-45 ದಿನಕ್ಕೆ ಇನ್ನೊಮ್ಮೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಬಿಟ್ಟದ್ದರಲ್ಲಿ ಎಷ್ಟೋ ಕೆಳಗೆ ಸೋರಿ ಹುಲ್ಲು, ಹಾಳೆಯ ಮೇಲೆ ನೀಲಿಯಾಗಿ ಕೂರುತ್ತದೆ. ದನಕ್ಕೆ ಆ ಹುಲ್ಲು ಹಾಕುವುದಿಲ್ಲ, ಆದರೆ ಬೆಕ್ಕು ಅದರ ಮೇಲೆ ನಡೆದು ಬಂದು ಪಾದ ನೆಕ್ಕುತ್ತದೆಂಬುದು ನೆನಪಾಗುವುದಿಲ್ಲ. ಬಿಟ್ಟ ಮೇಲೆ ಎರಡು ಮೂರು ಒಳ್ಳೆಯ ಮಳೆ ಬಂದು ತೊಳೆಯುವವರೆಗೆ ತೋಟ ಬೇಡ, ಅಂಗಳ ಸಾಕು. ಇಲಿಪಾಷಾಣ, ಬಸವನಹುಳಕ್ಕೆ ಹಾಕುವ ಮಾತ್ರೆ ಎಲ್ಲಿದೆ ಎಂದು ನಿಮ್ಮ ತೋಟದ್ದು ನಿಮಗೆ ಗೊತ್ತು, ನೆರೆಯವರದ್ದು ಕೇಳಿ ತಿಳಿದುಕೊಳ್ಳಿ. ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ಇದು. ಮದ್ದು ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಬೇರೆಯವರು ಕಲಿಸಬೇಕಿಲ್ಲ.

ಗಿಡಗಳಲ್ಲಿ ಕಣಗಿಲೆ, ಮಳೆಗಾಲದಲ್ಲಿ ಬೇಲಿಗೆ ಹಬ್ಬುವ ಗೌರಿಹೂ, ಚಟ್ಟಿಯಲ್ಲಿಡುವ ಡಿಫನ್‌ಬೇಕಿಯಾ ವಿಷ. ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ.

ಹಾವು. ದರೆಯ ಮಾಟೆ (ಬಿಲ), ಕಲ್ಲಿನ ರಾಶಿ, ಒಣಸೋಗೆಯ ಅಟ್ಟಿ, ಇವುಗಳ ಬಳಿ ಬೆಕ್ಕು ಕಿವಿ ನೆಟ್ಟಗೆ ಮಾಡಿ ಕಲ್ಲಾಗಿ ನಿಂತರೆ ಅದರ ಕುತೂಹಲವನ್ನು ಗೌರವಿಸುವ ಹೊತ್ತಲ್ಲ ಅದು. ಬಳ್ಳಿ ಗಿಡ್ಡ ಹಿಡಿದು ಹಿಂದಿನಿಂದ ಎತ್ತಿ. ಕಚ್ಚಿದ್ದು ಅನುಮಾನವಾದರೂ ಕಟ್ಟು ಹಾಕುವುದು, ಕೊಯ್ಯುವುದು ಏನೂ ಬೇಡ, ನೇರ ಮೃಗಾಸ್ಪತ್ರೆ.

ಸದ್ದು. ವಿಷುವಿನ ಪಟಾಕಿ, ದೀಪಾವಳಿ, ಹತ್ತಿರದಲ್ಲಿ ಕೋಲವೋ ತೆಯ್ಯವೋ ಯಕ್ಷಗಾನವೋ ಇದ್ದು ಚೆಂಡೆ ಕೇಳುವ ದಿನ, ಕೊಯ್ಲಿನ ದಿನ, ಸ್ಪ್ರಿಂಕ್ಲರ್ ತಿರುಗಿಸುವ ಹೊತ್ತು: ಒಳಗೇ ಇರಲಿ.

ಕೈತಪ್ಪಿದಾಗ

ಬೆಕ್ಕು ನಿಮ್ಮ ಕಡೆ ಮುಖ ಮಾಡಿ ಹಿಂದೆ ಸರಿಯಲು ಶುರು ಮಾಡಿತು ಅನ್ನಿ. ಕೈ ಎಳೆಯಲು ಹೋಗುತ್ತದೆ. ಎಳೆಯಬೇಡಿ. ಅದರ ಕಡೆಗೇ ಒಂದು ಹೆಜ್ಜೆ ಹೋಗಿ ಬಳ್ಳಿ ಸಡಿಲ ಬಿಡಿ, ಬಗ್ಗಿ, ಪಕ್ಕಕ್ಕೆ ಬಂದು ಬಳ್ಳಿಯನ್ನು ಅದರ ಬೆನ್ನಿನ ಹಿಂಭಾಗಕ್ಕೆ ತನ್ನಿ. ಹಿಂದಿನಿಂದ ಹಿಡಿದ ಹಾರ್ನೆಸ್ ಸುಲಭಕ್ಕೆ ಕಳಚುವುದಿಲ್ಲ, ಎದುರಿನಿಂದ ಎಳೆದದ್ದು ಕಳಚುತ್ತದೆ. ಇದನ್ನು ಕೋಣೆಯೊಳಗೆ ಹತ್ತು ಸಲ ಅಭ್ಯಾಸ ಮಾಡಿ, ಯಾಕೆಂದರೆ ಇದು ಬುದ್ಧಿಯಿಂದ ಆಗುವ ಕೆಲಸವಲ್ಲ, ಕೈಗೆ ರೂಢಿಯಾಗಬೇಕು.

ಮರ ಹತ್ತಲು ಹೊರಟರೆ ನಿಮ್ಮ ಎದೆ ಎತ್ತರ ದಾಟುವ ಮೊದಲೇ ತಡೆಯಿರಿ. ಬಳ್ಳಿ ಸಹಿತ ಕೊಂಬೆಗೆ ಹೋದ ಬೆಕ್ಕು ಅಲ್ಲಿಂದ ಹಾರಿದರೆ ಹಾರ್ನೆಸ್‌ನಲ್ಲೇ ನೇತಾಡುತ್ತದೆ.

ನಾಯಿ ಬಂದರೆ? ಹೆದರಿದ ಬೆಕ್ಕನ್ನು ಬರಿಗೈಯಲ್ಲಿ ಎದೆಗೆ ಅಪ್ಪಿಕೊಳ್ಳುವುದು ನಮ್ಮ ಮೊದಲ ತಪ್ಪು. ಆಗ ಅದಕ್ಕೆ ನೀವು ಯಾರೆಂದು ಗೊತ್ತಿರುವುದಿಲ್ಲ, ಮುಖ ಕೈ ಎಲ್ಲ ಸಿಗಿದುಹೋಗುತ್ತದೆ. ಹೆಗಲ ಮೇಲೆ ಯಾವಾಗಲೂ ಒಂದು ಬೈರಾಸು (ಟವೆಲು) ಇರಲಿ. ಅದನ್ನು ಬೆಕ್ಕಿನ ಮೇಲೆ ಹಾಕಿ, ಸುತ್ತಿ, ಚೀಲದೊಳಗೆ ತುಂಬಿಸಿ ಜಿಪ್ ಎಳೆಯಿರಿ. ಇದಕ್ಕಾಗಿಯೇ ಚೀಲ ಅಥವಾ ಬುಟ್ಟಿ ಇಲ್ಲದೆ ಗೇಟು ದಾಟಬೇಡಿ ಎನ್ನುವುದು. ಬೆಕ್ಕಿನದ್ದಾಗಲಿ ನಾಯಿಯದ್ದಾಗಲಿ ಹಲ್ಲು ಉಗುರು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ಮೇಲೆ ಗಾಯ ಕಾಣದಿದ್ದರೂ ಒಳಗೆ ಕೀವಾಗುತ್ತದೆ.

ತಪ್ಪಿಸಿಕೊಂಡೇ ಹೋದರೆ ಅಟ್ಟಿಸಬೇಡಿ, ಎಲ್ಲರೂ ಸೇರಿ ಹೆಸರು ಕೂಗಬೇಡಿ. ಬೆದರಿದ ಬೆಕ್ಕು ದೂರ ಹೋಗುವುದು ಕಡಿಮೆ, ಹತ್ತಿರದಲ್ಲೇ ಸೌದೆ, ಹುಲ್ಲು, ಹಂಚಿನ ಅಟ್ಟಿಯ ಅಡಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತದೆ. ಊರು ಮಲಗಿದ ಮೇಲೆ ಒಬ್ಬರೇ ಹೋಗಿ, ತಿಂಡಿಯ ಡಬ್ಬ ಅಲ್ಲಾಡಿಸುತ್ತ, ಟಾರ್ಚನ್ನು ನೆಲಮಟ್ಟದಲ್ಲಿ ಹಾಯಿಸಿ. ಕಣ್ಣು ಹೊಳೆಯುತ್ತದೆ. ಬ್ಲೂಟೂತ್ ಟ್ಯಾಗ್ ಕಟ್ಟಿದ್ದೇನೆ ಎನ್ನುವವರಿಗೆ: ಅದು ಹತ್ತಿರ ಫೋನ್ ಹಿಡಿದ ಜನ ಇದ್ದರೆ ಕೆಲಸ ಮಾಡುತ್ತದೆ, ಅಡಿಕೆ ತೋಟದ ನಡುವೆ ಅಲ್ಲ.

ಕಟ್ಟಿ ಹಾಕಿ ಹೋಗುವುದು

ಐದೇ ನಿಮಿಷ, ಅನ್ನ ಬಸಿದು ಬರುತ್ತೇನೆ ಎಂದು ಜಗಲಿಯ ಕಂಬಕ್ಕೆ ಕಟ್ಟಿ ಹೋಗುವವರಿದ್ದಾರೆ. ಓಡಲಾಗದ ಬೆಕ್ಕು ನಾಯಿಯ ಮುಂದೆ ಇಟ್ಟ ತುತ್ತು. ಜಗಲಿಯ ಕಟ್ಟೆಯಿಂದ ಆಚೆ ಹಾರಿದರೆ ನೇತುಬೀಳುತ್ತದೆ. ಗಿಡ್ಡ ಹಗ್ಗದಲ್ಲಿ ವಿನಾಕಾರಣ ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ ಕೂಡ. ಒಳಗೆ ಹೋಗುವಾಗ ಬೆಕ್ಕನ್ನೂ ಎತ್ತಿಕೊಂಡು ಹೋಗಿ, ಹಾರ್ನೆಸ್ ಬಿಚ್ಚಿಬಿಡಿ. ದಿನವಿಡೀ ತೊಡಿಸಿಡುವ ವಸ್ತು ಅದಲ್ಲ, ರೋಮ ಜಡೆಗಟ್ಟಿ ಕಂಕುಳು ಹುಣ್ಣಾಗುತ್ತದೆ.

ಬಿಚ್ಚಿದ ಮೇಲೆ ಮೈ ಸವರುತ್ತ ಕಿವಿಯ ಹಿಂದೆ, ಕತ್ತಿನಡಿ, ಬೆರಳ ಸಂದಿಯಲ್ಲಿ ಉಣ್ಣಿ ನೋಡಿ. ಮಳೆಗಾಲದಲ್ಲಿ ಜಿಗಣೆ ಮೂಗಿನ ಬಳಿಯೂ ಹಿಡಿದಿರುತ್ತದೆ. ಪಾದವನ್ನು ಒದ್ದೆಬಟ್ಟೆಯಲ್ಲಿ ಒರೆಸಿ. ವಾರಕ್ಕೊಮ್ಮೆ ಹಾರ್ನೆಸ್‌ನ ಹೊಲಿಗೆ, ಕೊಕ್ಕೆಯ ಹಲ್ಲು, ಬಳ್ಳಿ ಸಿಕ್ಕಿಸುವ ಬಳೆ ಮೂರನ್ನೂ ಎಳೆದು ನೋಡಿ. ಪ್ಲಾಸ್ಟಿಕ್ ಬಿಳಿಚಿಕೊಂಡಿದ್ದರೆ ಬದಲಿಸಿ.

ತೊಳೆಯುವುದು ಸಾದಾ ಸೋಪಿನಲ್ಲಿ, ಪರಿಮಳದ್ದರಲ್ಲಲ್ಲ. ಜುಲೈಯಲ್ಲಿ ಒಣಗಿಸುವುದೇ ತಾಪತ್ರಯ, ಎರಡು ದಿನಕ್ಕೆ ಬೂಸಲು ಬರುತ್ತದೆ. ನಾನೊಮ್ಮೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಗರಿಗರಿ ಒಣಗಿಸಿ ತಂದೆ. ಹೊಗೆ ವಾಸನೆಗೆ ಕುಂಞಿ ಮೂರು ವಾರ ಹತ್ತಿರ ಬರಲಿಲ್ಲ. ಅನ್ನದ ತಟ್ಟೆಯ ಪಕ್ಕದಲ್ಲಿಟ್ಟು ಮೊದಲಿನಿಂದ ಶುರು ಮಾಡಬೇಕಾಯಿತು. ಈಗ ಮಳೆಗಾಲಕ್ಕೆಂದೇ ಎರಡನೆಯ ಹಾರ್ನೆಸ್ ಇಟ್ಟುಕೊಂಡು, ಒಂದನ್ನು ಫ್ಯಾನಿನಡಿ ಒಣಗಿಸುತ್ತೇನೆ.